ಗ್ರಾಮೀಣ ಚಿತ್ರಸಮಾಜಗಳು: ಪೋಷಣೆಯ ಸ್ವರೂಪ

ಚಲನಚಿತ್ರ ಸಂಸ್ಕೃತಿಯ ಚರ್ಚೆಯಲ್ಲಿ ನಿರ್ದೇಶಕ, ನಟ, ನಿರ್ಮಾಪಕರಿಗೆ ದೊರೆಯುವ ಸ್ಥಾನ ಪ್ರೇಕ್ಷಕನಿಗೆ ದೊರೆಯುವುದು ವಿರಳ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡ ಸಂಸ್ಥೆ ಚಿತ್ರಸಮಾಜ. ಚಿತ್ರಮಂದಿರದಲ್ಲಿ ಪ್ರೇಕ್ಷಕನು ಟಿಕೇಟು ಕೊಂಡ ಗ್ರಾಹಕ. ಚಿತ್ರಸಮಾಜದಲ್ಲಿ ಅವನು ಸದಸ್ಯ. ಯಾವ ಚಿತ್ರ ನೋಡಬೇಕೆಂದು ನಿರ್ಧರಿಸುವ, ನೋಡಿದ ಮೇಲೆ ಅದರ ಬಗ್ಗೆ ಮಾತನಾಡುವ ಹಕ್ಕು ಅವನಿಗಿದೆ. ಭಾರತದಲ್ಲಿ ಈ ಚಳವಳಿ ಬೆಳೆದದ್ದು ಮುಖ್ಯವಾಗಿ ನಗರಗಳಲ್ಲಿ. ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. 1959ರಲ್ಲಿ ಚಿತ್ರಸಮಾಜಗಳ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಬೆಂಗಳೂರಿನಲ್ಲಿ 1971ರಲ್ಲಿ 'ಸುಚಿತ್ರ' ಆರಂಭವಾಯಿತು. ಹಳ್ಳಿಯ ಜನರಿಗೆ ಮನರಂಜನೆ ಅಥವಾ ಸರಕಾರಿ ಪ್ರಚಾರಚಿತ್ರ ಸಾಕು, ಜಗತ್ತಿನ ಶ್ರೇಷ್ಠ ಚಿತ್ರಗಳು ಅವರಿಗೆ ಎಟುಕಲಾರವು ಎಂಬ ಗ್ರಹಿಕೆ ಆಗ ವ್ಯಾಪಕವಾಗಿತ್ತು.

ಈ ಗ್ರಹಿಕೆಯನ್ನು ಪ್ರಯೋಗದ ಮೂಲಕ ಅಲ್ಲಗಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿ ಸ್ಥಾಪಿತವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1973ರಲ್ಲಿ ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಎಪ್ಪತ್ತರ ದಶಕದ ಕೊನೆಯಿಂದ ರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರ ನೆರವು ಇದಕ್ಕೆ ದೊರೆಯಿತು. 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೊಮಾನ್' ಚಿತ್ರಗಳನ್ನು ಅಡಿಕೆ ತೋಟದ ರೈತರು ನೋಡಿದರು. ನಾಯರ್ ಅವರನ್ನು ಕುರಿತ 2012ರ ಸಾಕ್ಷ್ಯಚಿತ್ರ 'ಸೆಲ್ಯುಲಾಯ್ಡ್ ಮ್ಯಾನ್'ನಲ್ಲಿ ಹೆಗ್ಗೋಡಿನ ಗ್ರಾಮಸ್ಥರು ದಶಕಗಳ ಹಿಂದೆ ನೋಡಿದ ಚಿತ್ರಗಳನ್ನು ನೆನೆಯುವುದನ್ನು ಕಾಣಬಹುದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ರಂಗಭೂಮಿಯೊಡನೆ ಈ ಚಿತ್ರಕಾರ್ಯವನ್ನೂ ಪ್ರಶಸ್ತಿಯ ಸಮಿತಿ ಗುರುತಿಸಿತು.

ಹೆಗ್ಗೋಡಿನ ಯಶಸ್ಸಿಗೆ ಯಂತ್ರಸಾಮಗ್ರಿಯೊಂದೇ ಕಾರಣವಲ್ಲ. ನಾಟಕ ಆಡುವ, ನೋಡುವ, ಅದನ್ನು ಕುರಿತು ವಾದಿಸುವ ರೂಢಿ ಅಲ್ಲಿ ಮೊದಲೇ ಬೇರೂರಿತ್ತು. ಸಿನಿಮಾ ಆ ಬೇರಿಗೆ ಕಟ್ಟಿದ ಕಸಿಯಾಯಿತು. ಎಂಬತ್ತರ ದಶಕದ ಮೊದಲರ್ಧದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ 'ಜನಸ್ಪಂದನ' ಯೋಜನೆ ನಾಟಕ ಹಾಗೂ ಚಿತ್ರಗಳನ್ನು ಹೊರಗಿನ ಊರುಗಳಿಗೂ ಒಯ್ದಿತು. ಆದರೆ ಅನುದಾನಕ್ಕೆ ಅವಧಿಯಿದೆ, ಅಭಿರುಚಿಗೆ ಇಲ್ಲ. ಯೋಜನೆ ಮುಗಿದ ಮೇಲೂ ಉಳಿಯಬೇಕಾದದ್ದು ಸ್ಥಳೀಯರ ಸಂಘಟನೆ ಎಂಬುದು ಇದರಿಂದ ತಿಳಿಯಬೇಕಾದ ಪಾಠ.

ಮಲೆನಾಡಿನ ಈ ಪ್ರಯೋಗ ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಸವದತ್ತಿ ಸೀಮೆಗೆ ಸಲ್ಲುವುದೇ ಎಂಬ ಪ್ರಶ್ನೆ ಸಹಜ. ಇಲ್ಲಿಯ ಪ್ರೇಕ್ಷಕ ಪರಂಪರೆ ಬೇರೆಯದಾದರೂ ಬಡವಾದದ್ದಲ್ಲ. ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳನ್ನು ಇರುಳೆಲ್ಲ ಕುಳಿತು ನೋಡಿದ ನಾಡಿದು. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಕೊಲೆಯ ಕಥೆಯಿಂದ ಹುಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನೇ ನೋಡಬಹುದು. ತಪ್ಪು ಸಂಗ್ಯಾನದೊ, ಗೆಳೆತನ ಮುರಿದ ಬಾಳ್ಯಾನದೊ, ಗಂಗಿಯದೊ, ಕೊಂದವರದೊ ಎಂಬ ತೂಗಾಟವೇ ಆ ಆಟದ ಜೀವಾಳ. 'ರಾಶೊಮಾನ್' ಚಿತ್ರದಲ್ಲಿಯೂ ಒಂದು ಸಾವನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಸಂಗ್ಯಾ ಬಾಳ್ಯಾನನ್ನು ತೂಗಿನೋಡಿದ ಪ್ರೇಕ್ಷಕನಿಗೆ ಕುರೊಸಾವಾ ಅಪರಿಚಿತನಾಗಿ ಉಳಿಯಬೇಕಾಗಿಲ್ಲ.

ಹಾಗಾದರೆ ಪೋಷಣೆ ಯಾವ ಬಗೆಯದಾಗಿರಬೇಕು? ಮೊದಲನೆಯದು ಚಿತ್ರಗಳ ಲಭ್ಯತೆ. ಹಿಂದೆ ಚಿತ್ರಸಮಾಜಗಳು 1964ರಲ್ಲಿ ಸ್ಥಾಪಿತವಾದ ಪುಣೆಯ ಸಂಗ್ರಹಾಲಯದಿಂದ 16 ಎಂ.ಎಂ. ಪ್ರತಿಗಳನ್ನು ಎರವಲು ತರುತ್ತಿದ್ದವು. ಆ ಸಂಗ್ರಹಾಲಯವನ್ನು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಇಂದು ಪ್ರೊಜೆಕ್ಟರ್ ಅಗ್ಗವಾಗಿದೆ. ಪ್ರದರ್ಶನದ ಹಕ್ಕು ಮಾತ್ರ ಸುಲಭವಾಗಿಲ್ಲ. ಮನೆಯ ವೀಕ್ಷಣೆಗೆಂದು ಕೊಂಡ ಡಿಸ್ಕನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು. ಅಂಥ ಒಪ್ಪಿಗೆಯನ್ನು ಪ್ರತಿಯೊಂದು ಹಳ್ಳಿಯೂ ಹುಡುಕಿಕೊಂಡು ಹೋಗುವುದು ಅಸಾಧ್ಯ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಚಲನಚಿತ್ರ ಅಕಾಡೆಮಿಯಂಥ ಸಂಸ್ಥೆ ಕೆಲವು ಚಿತ್ರಗಳ ಹಕ್ಕನ್ನು ಒಟ್ಟಾಗಿ ಪಡೆದು ಹಂಚಿದರೆ ಈ ತೊಡಕು ನೀಗುತ್ತದೆ.

ಎರಡನೆಯದು ಭಾಷೆ. ಇಂಗ್ಲಿಷ್ ಉಪಶೀರ್ಷಿಕೆ ಓದಲಾರದವರಿಗೆ ಪರಭಾಷಾ ಚಿತ್ರ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ. ಕನ್ನಡ ಉಪಶೀರ್ಷಿಕೆ, ಅದಿಲ್ಲದಲ್ಲಿ ಚಿತ್ರಕ್ಕೆ ಮುನ್ನ ಹತ್ತು ನಿಮಿಷದ ಕನ್ನಡ ಪೀಠಿಕೆ ಅನಿವಾರ್ಯ. ಮೂರನೆಯದು ಮಾತನ್ನು ನಡೆಸಬಲ್ಲ ವ್ಯಕ್ತಿ. ಊರಿನ ಶಿಕ್ಷಕರು, ಗ್ರಂಥಪಾಲಕರು, ಹವ್ಯಾಸಿ ಕಲಾವಿದರನ್ನು ಇದಕ್ಕೆ ತರಬೇತುಗೊಳಿಸುವುದು ಉಪಕರಣ ಹಂಚುವುದಕ್ಕಿಂತ ಮುಖ್ಯ. ನಾಲ್ಕನೆಯದು ಸ್ಥಳ. ಎಲ್ಲ ಜಾತಿಯವರೂ ಹಿಂಜರಿಕೆಯಿಲ್ಲದೆ ಕಾಲಿಡಬಲ್ಲ, ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಮನೆಗೆ ಮರಳಬಲ್ಲ ಜಾಗವಿರಬೇಕು. ಶಾಲೆಯ ಸಭಾಂಗಣ ಇದಕ್ಕೆ ಒಪ್ಪುತ್ತದೆ. ಅಲ್ಪವಾದರೂ ಸದಸ್ಯತ್ವದ ಶುಲ್ಕವಿರುವುದು ಹಿತ. ಕೊಟ್ಟವನು ಕೇಳುತ್ತಾನೆ, ಕೇಳುವವನಿಂದ ಸಂಘ ಬಾಳುತ್ತದೆ.

ಇಂದು ಹಳ್ಳಿಯಲ್ಲಿ ಚಿತ್ರಗಳ ಕೊರತೆಯಿಲ್ಲ. ಅವು ಅಂಗೈಯ ಮೊಬೈಲಿನಲ್ಲಿಯೇ ಇವೆ. ಕೊರತೆಯಿರುವುದು ಕೂಡಿ ನೋಡುವ ಅವಕಾಶಕ್ಕೆ. ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳನ್ನು ನೋಡುವಾಗ, ನೋಡಿದ್ದನ್ನು ನೆರೆಯವರೊಡನೆ ತೂಗಿನೋಡುವ ಅಭ್ಯಾಸ ಕ್ಷೀಣಿಸುತ್ತದೆ. ಗ್ರಾಮೀಣ ಚಿತ್ರಸಮಾಜಕ್ಕೆ ಕೊಡುವ ನೆರವು ಆ ಅಭ್ಯಾಸಕ್ಕೆ ಕೊಡುವ ನೆರವೆಂದು ಭಾವಿಸಿದಾಗ ಮಾತ್ರ ಅದು ಸಾರ್ಥಕವಾದೀತು.