ಬಾಕಿ ಸೊನ್ನೆ ಅಂದರೆ ಬಾಕಿ ಇಲ್ಲ ಅಂತಲ್ಲ

ಒಂದು ಶನಿವಾರ ಮಧ್ಯಾಹ್ನ ಗ್ರಾಹಕರ ಆಫೀಸಿನಿಂದ ಫೋನ್ ಬಂತು. "ಸರ್, ಬೆಳಗ್ಗೆ ಹನ್ನೊಂದಕ್ಕೆ ಹಾಕಿದ ಆರ್ಡರ್ ಇನ್ನೂ ರಿಪೋರ್ಟಲ್ಲಿ ಬಂದಿಲ್ವಲ್ಲ?" ರಿಪೋರ್ಟುಗಳೆಲ್ಲ ಓಡುತ್ತಿದ್ದದ್ದು ಇನ್ನೊಂದು ಊರಿನಲ್ಲಿದ್ದ ರೆಪ್ಲಿಕಾ ಸರ್ವರ್ ಮೇಲೆ. ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ, ಎಲ್ಲ ಹಸಿರು. ರೆಪ್ಲಿಕಾ ಎಷ್ಟು ಸೆಕೆಂಡ್ ಹಿಂದಿದೆ ಎಂದು ತೋರಿಸುವ ಗ್ರಾಫಿನಲ್ಲಿ ಬೆಳಗ್ಗೆಯಿಂದ ಸೊನ್ನೆ. "ನಮ್ ಕಡೆ ಎಲ್ಲ ಸರಿಯಾಗಿದೆ, ಒಂದ್ಸಲ ಪೇಜ್ ರಿಫ್ರೆಶ್ ಮಾಡಿ ನೋಡಿ" ಅಂದುಬಿಟ್ಟೆ. ನೆನೆದರೆ ಈಗಲೂ ನಾಚಿಕೆ. ಆ ಹೊತ್ತಿಗೆ ರೆಪ್ಲಿಕಾ ಮೂರು ಗಂಟೆ ಹಿಂದೆ ಬಿದ್ದಿತ್ತು.

ಗ್ರಾಫ್ ಕೆಟ್ಟಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಮೈಎಸ್‌ಕ್ಯುಎಲ್ ಕ್ಲಸ್ಟರ್ ಒಂದನ್ನು ಇಟ್ಟುಕೊಳ್ಳೋಣ: ಒಂದು ಪ್ರೈಮರಿ, ಎರಡು ರೆಪ್ಲಿಕಾ. ಬರೆಯುವುದೆಲ್ಲ ಪ್ರೈಮರಿಯಲ್ಲಿ. ಅಲ್ಲಿ ನಡೆದ ಪ್ರತಿ ಬದಲಾವಣೆಯೂ ಬಿನ್‌ಲಾಗ್ ಎಂಬ ದಾಖಲೆಗೆ ಸೇರುತ್ತದೆ. ರೆಪ್ಲಿಕಾದಲ್ಲಿ ಇಬ್ಬರು ಕೆಲಸಗಾರರು. ಐಓ ಥ್ರೆಡ್ ಪ್ರೈಮರಿಯಿಂದ ಬಿನ್‌ಲಾಗ್ ತಂದು ತನ್ನ ಡಿಸ್ಕಿನ ರಿಲೇ ಲಾಗಿನಲ್ಲಿ ಇಡುತ್ತದೆ. ಎಸ್‌ಕ್ಯುಎಲ್ ಥ್ರೆಡ್ ಆ ರಿಲೇ ಲಾಗನ್ನು ಓದುತ್ತ ಒಂದೊಂದೇ ಬದಲಾವಣೆಯನ್ನು ತನ್ನ ಟೇಬಲ್‌ಗಳಲ್ಲಿ ಮಾಡುತ್ತದೆ. ರೆಪ್ಲಿಕಾದ ಸ್ಥಿತಿ ಕೇಳಿದರೆ ಸೆಕೆಂಡ್ಸ್_ಬಿಹೈಂಡ್_ಮಾಸ್ಟರ್ (ಹೊಸ ಆವೃತ್ತಿಗಳಲ್ಲಿ ಸೆಕೆಂಡ್ಸ್_ಬಿಹೈಂಡ್_ಸೋರ್ಸ್) ಎಂಬ ಕಾಲಂ ಸಿಗುತ್ತದಲ್ಲ, ಹೆಚ್ಚಿನವರು ಅದನ್ನೇ ಲ್ಯಾಗ್ ಎಂದು ಓದುತ್ತಾರೆ. ಅದು ನಿಜವಾಗಿ ಅಳೆಯುವುದು ಎರಡನೆಯ ಕೆಲಸಗಾರ ಮೊದಲನೆಯವನಿಗಿಂತ ಎಷ್ಟು ಹಿಂದಿದ್ದಾನೆ ಎಂಬುದನ್ನು ಮಾತ್ರ.

ತಾಲ್ಲೂಕು ಕಚೇರಿಯ ಗುಮಾಸ್ತರನ್ನು ನೆನೆಸಿಕೊಳ್ಳಿ. ಮೇಜಿನ ಮೇಲೆ ಬಂದ ಟಪಾಲನ್ನೆಲ್ಲ ಅಂದಂದೇ ವಿಲೇವಾರಿ ಮಾಡುತ್ತಾರೆ. ಸಾಹೇಬರು ಕೇಳಿದರೆ "ಬಾಕಿ ಸೊನ್ನೆ ಸಾರ್" ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಟಪಾಲು ಚೀಲ ಇನ್ನೂ ಬಸ್ಸಿನಲ್ಲೇ ಇದ್ದರೆ? ಇನ್ನೂ ಬಾರದ ಟಪಾಲಿನ ಲೆಕ್ಕ ಅವರ ಬಳಿ ಇರುವುದಿಲ್ಲ. ಆ ಶನಿವಾರ ಎರಡು ಊರುಗಳ ನಡುವಿನ ಲಿಂಕಿನಲ್ಲಿ ಯಾರೋ ದೊಡ್ಡ ಬ್ಯಾಕಪ್ ಸಾಗಿಸುತ್ತಿದ್ದರು. ಬಿನ್‌ಲಾಗ್ ತೊಟ್ಟಿಕ್ಕುತ್ತ ಬರುತ್ತಿತ್ತು. ಬಂದದ್ದನ್ನು ಎಸ್‌ಕ್ಯುಎಲ್ ಥ್ರೆಡ್ ಆಗಲೇ ಮುಗಿಸಿಬಿಡುತ್ತಿತ್ತು. ಹಾಗಾಗಿ ಬಾಕಿ ಸೊನ್ನೆ.

ಗುಮಾಸ್ತರನ್ನು ಕೇಳದೆ ಟಪಾಲು ಎಷ್ಟು ತಡವಾಗುತ್ತಿದೆ ಎಂದು ತಿಳಿಯುವ ದಾರಿ ಒಂದಿದೆ. ಹೊರಡುವ ಊರಿನಿಂದ ನಾವೇ ಸಮಯ ಬರೆದ ಕಾರ್ಡು ಹಾಕುತ್ತಿರುವುದು. ತಲುಪಿದ ಕೊನೆಯ ಕಾರ್ಡಿನ ಮೇಲೆ 11.02 ಎಂದಿದ್ದು, ಗೋಡೆ ಗಡಿಯಾರ 2.05 ತೋರಿಸಿದರೆ ಮೂರು ಗಂಟೆ ಮೂರು ನಿಮಿಷ ತಡ. ಪರ್ಕೋನಾ ಟೂಲ್‌ಕಿಟ್‌ನ ಪಿಟಿ-ಹಾರ್ಟ್‌ಬೀಟ್ ಮಾಡುವುದು ಇಷ್ಟೇ. ಪ್ರೈಮರಿಯ ಒಂದು ಪುಟ್ಟ ಟೇಬಲಿನಲ್ಲಿ ಸೆಕೆಂಡಿಗೊಮ್ಮೆ ಆಗಿನ ಸಮಯ ಬರೆಯುತ್ತದೆ. ಉಳಿದ ಡೇಟಾ ಹೋಗುವ ದಾರಿಯಲ್ಲೇ ಆ ಸಾಲೂ ರೆಪ್ಲಿಕಾಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಿ ತಡೆಯಿದ್ದರೂ ಗೊತ್ತಾಗುತ್ತದೆ. ನಿಗಾ ವ್ಯವಸ್ಥೆಯಲ್ಲಿ ಮೊದಲು ಕೂರಿಸಬೇಕಾದ್ದು ಇದನ್ನು. ಗ್ರಾಫಿನ ಬಣ್ಣಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಇನ್ನು ಕೂರಿಸುವ ಕೆಲಸ. ನಾನು ಬಳಸುವುದು ಪ್ರೊಮೀಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಹುಟ್ಟಿ ಆಮೇಲೆ ಎಲ್ಲರದ್ದಾದ ತಂತ್ರಾಂಶ. ಪ್ರತಿ ಡೇಟಾಬೇಸ್ ಸರ್ವರಿನಲ್ಲೂ ಮೈಎಸ್‌ಕ್ಯುಎಲ್‌ಡಿ ಎಕ್ಸ್‌ಪೋರ್ಟರ್ ಎಂಬ ಸಣ್ಣ ಪ್ರೋಗ್ರಾಂ ಓಡಿಸುತ್ತೇವೆ. ಅದು ಡೇಟಾಬೇಸನ್ನು ಕೇಳಿ ಅಂಕಿಗಳನ್ನು 9104ನೇ ಪೋರ್ಟಿನಲ್ಲಿ ಇಡುತ್ತದೆ. ಪ್ರೊಮೀಥಿಯಸ್ ತಾನೇ ಹೋಗಿ ಎತ್ತಿಕೊಳ್ಳುತ್ತದೆ. 15 ಸೆಕೆಂಡಿಗೊಮ್ಮೆ ಎತ್ತಿದರೆ ಸಾಕು. ಆ ಪೋರ್ಟು ಪ್ರೊಮೀಥಿಯಸ್ ಸರ್ವರಿಗಷ್ಟೇ ತೆರೆದಿರಲಿ.

ಎಕ್ಸ್‌ಪೋರ್ಟರಿಗೆ ಪ್ರತ್ಯೇಕ ಬಳಕೆದಾರ ಬೇಕು. ರೂಟ್ ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಲೋಕಲ್‌ಹೋಸ್ಟ್‌ನಿಂದ ಮಾತ್ರ ಬರಬಲ್ಲ ಬಳಕೆದಾರನೊಬ್ಬನನ್ನು ಮಾಡಿ ಪ್ರೋಸೆಸ್, ರೆಪ್ಲಿಕೇಷನ್ ಕ್ಲೈಂಟ್ ಎಂಬ ಎರಡು ಹಕ್ಕು ಕೊಡಿ. ಓದುವ ಹಕ್ಕನ್ನು ಪರ್ಫಾರ್ಮೆನ್ಸ್ ಸ್ಕೀಮಾ ಮತ್ತು ಹಾರ್ಟ್‌ಬೀಟ್ ಡೇಟಾಬೇಸಿಗೆ ಸೀಮಿತಗೊಳಿಸಿ. ಗ್ರಾಹಕರ ಟೇಬಲ್ ಓದಿ ಅದಕ್ಕೇನಾಗಬೇಕು? ಇನ್ನೊಂದು, ಒಟ್ಟಿಗೆ ಮೂರು ಕನೆಕ್ಷನ್‌ಗಿಂತ ಹೆಚ್ಚು ತೆರೆಯದಂತೆ ಮಿತಿ ಹಾಕಿ. ಡೇಟಾಬೇಸ್ ಏದುಸಿರು ಬಿಡುತ್ತಿರುವಾಗ ಪ್ರಶ್ನೆಗಳಿಗೆ ಉತ್ತರ ತಡವಾಗುತ್ತದೆ. ಹಳೆಯ ಪ್ರಶ್ನೆ ಮುಗಿಯುವ ಮೊದಲೇ ಹೊಸದು ಬಂದು ನಿಲ್ಲುತ್ತದೆ. ರೋಗಿಯನ್ನು ನೋಡಲು ಬಂದವರೇ ವಾರ್ಡ್ ತುಂಬಿಕೊಂಡಂತೆ ಆಗಬಾರದು.

ಹಾರ್ಟ್‌ಬೀಟ್ ಸಂಗ್ರಹ ತಾನಾಗಿ ಶುರುವಾಗುವುದಿಲ್ಲ, ಎಕ್ಸ್‌ಪೋರ್ಟರ್ ಓಡಿಸುವಾಗ ಆ ಆಯ್ಕೆಯನ್ನು ಕೊಡಬೇಕು. ಆಗ ಎರಡು ಅಂಕಿ ಸಿಗುತ್ತವೆ: ಟೇಬಲಿನಲ್ಲಿ ಬರೆದಿರುವ ಸಮಯ ಮತ್ತು ಈಗಿನ ಸಮಯ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಲ್ಯಾಗ್. ಕಳೆಯುವುದೇನೋ ಸುಲಭ, ಆದರೆ ಇಲ್ಲೊಂದು ಗುಂಡಿ ಇದೆ. ಮೊದಲ ಸಲ ಕೂರಿಸಿದಾಗ ನನಗೆ ಬಂದ ಲ್ಯಾಗ್ 19,800 ಸೆಕೆಂಡ್. ಎಷ್ಟು ತಡಕಾಡಿದರೂ ಕದಲದು, ಏರದು, ಇಳಿಯದು. ಸಂಜೆಯೆಲ್ಲ ನೆಟ್‌ವರ್ಕ್ ತಂಡದವರ ಜೊತೆ ವಾದ ಮಾಡಿದ ಮೇಲೆ ಪಕ್ಕದ ಮೇಜಿನ ಹುಡುಗಿ 3,600ರಿಂದ ಭಾಗಿಸಿ ನೋಡಿದಳು: ಐದೂವರೆ. ಭಾರತದ ಗಡಿಯಾರಕ್ಕೂ ಯುಟಿಸಿಗೂ ಇರುವ ಅಂತರ! ಪಿಟಿ-ಹಾರ್ಟ್‌ಬೀಟ್ ಯುಟಿಸಿಯಲ್ಲಿ ಬರೆಯುತ್ತಿತ್ತು, ಎಕ್ಸ್‌ಪೋರ್ಟರ್ ಅದನ್ನು ನಮ್ಮೂರಿನ ಸಮಯ ಎಂದು ಓದುತ್ತಿತ್ತು. ಎರಡಕ್ಕೂ ಯುಟಿಸಿ ಆಯ್ಕೆ ಇದೆ. ಕೊಟ್ಟರೆ ಎರಡಕ್ಕೂ ಕೊಡಬೇಕು. ಸರ್ವರುಗಳ ಗಡಿಯಾರಗಳನ್ನು ಎನ್‌ಟಿಪಿಯಿಂದ ಹೊಂದಿಸಿಡುವುದೂ ಅಷ್ಟೇ ಮುಖ್ಯ. ರೆಪ್ಲಿಕಾದ ಗಡಿಯಾರ ಎರಡು ಸೆಕೆಂಡ್ ಮುಂದಿದ್ದರೆ ಲ್ಯಾಗ್ ಯಾವತ್ತೂ ಎರಡಕ್ಕಿಂತ ಕೆಳಗಿಳಿಯದು.

ಪ್ರೊಮೀಥಿಯಸ್ ಕಾನ್ಫಿಗರೇಷನ್‌ನಲ್ಲಿ ಮೂರೂ ಸರ್ವರಿನ ವಿಳಾಸ ಬರೆದು, ಕ್ಲಸ್ಟರಿನ ಹೆಸರನ್ನು ಲೇಬಲ್ ಆಗಿ ಅಂಟಿಸಿ. 'ಇದು ಪ್ರೈಮರಿ', 'ಇದು ರೆಪ್ಲಿಕಾ' ಎಂಬ ಲೇಬಲನ್ನು ಮಾತ್ರ ಕೈಯಾರೆ ಬರೆಯಬೇಡಿ. ಪ್ರೈಮರಿ ಸತ್ತು ರೆಪ್ಲಿಕಾ ಪಟ್ಟಕ್ಕೆ ಬಂದ ರಾತ್ರಿ ಆ ಫೈಲನ್ನು ತಿದ್ದಲು ಯಾರಿಗೂ ನೆನಪಿರುವುದಿಲ್ಲ. ರೀಡ್_ಓನ್ಲಿ ಎಂಬ ಸೆಟ್ಟಿಂಗನ್ನು ಎಕ್ಸ್‌ಪೋರ್ಟರ್ ಹೇಗೂ ತರುತ್ತದೆ. ಅದು ಆಫ್ ಇರುವವನೇ ಪ್ರೈಮರಿ. ಇದರಿಂದ ಇನ್ನೊಂದು ಅಲರ್ಟ್ ಪುಕ್ಕಟೆಯಾಗಿ ಸಿಗುತ್ತದೆ: ಕ್ಲಸ್ಟರಿನಲ್ಲಿ ಬರೆಯಲು ಬಿಡುವ ಸರ್ವರುಗಳ ಸಂಖ್ಯೆ ಒಂದಲ್ಲದೆ ಬೇರೇನಾದರೂ ಆದರೆ ಕೂಗು. ಸೊನ್ನೆಯಾದರೆ ವ್ಯವಹಾರ ನಿಂತಿದೆ ಎಂದರ್ಥ. ಎರಡಾದರೆ ಅದಕ್ಕಿಂತ ಕಷ್ಟ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ಕಡಿದದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಪ್ರೈಮರಿ ಪಟ್ಟ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಯಿತು. ಎರಡೂ ಕಡೆ ಇನ್ನೊಂದು ಕಡೆಗೆ ಗೊತ್ತಿಲ್ಲದ ಬರಹಗಳು ಉಳಿದವು. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಪಟ್ಟ ಬದಲಾದಾಗ ಹಾರ್ಟ್‌ಬೀಟ್ ಬರೆಯುವವನೂ ಹೊಸ ಪ್ರೈಮರಿಗೆ ಹೋಗಬೇಕು. ಮೂರೂ ಕಡೆ ಓಡಿಸಿಟ್ಟು, ರೀಡ್_ಓನ್ಲಿ ಇದ್ದಲ್ಲಿ ಬರೆಯಬೇಡ ಎಂಬ ಆಯ್ಕೆ ಕೊಡುವುದು ನನ್ನ ಪದ್ಧತಿ. ಹಳೆಯ ಪ್ರೈಮರಿಯ ಸಾಲು ಟೇಬಲಿನಲ್ಲೇ ಉಳಿದು, ಅದರ ಲ್ಯಾಗ್ ದಿನವಿಡೀ ಏರುತ್ತ ಹೋಗುತ್ತದೆ. ಗಾಬರಿಯಾಗದೆ ಆ ಸಾಲನ್ನು ಅಳಿಸಿ.

ಈಗ ಅಲರ್ಟ್ ಬರೆಯುವುದಕ್ಕೆ ಬರೋಣ. ಇಲ್ಲಿ ಇನ್ನೊಂದು ಸೊನ್ನೆ ಕಾದಿದೆ. ಅದು ಸೊನ್ನೆಯೂ ಅಲ್ಲ, ಬರೀ ಖಾಲಿ. ರೆಪ್ಲಿಕೇಷನ್ ಪೂರ್ತಿ ನಿಂತಾಗ ಸೆಕೆಂಡ್ಸ್_ಬಿಹೈಂಡ್_ಮಾಸ್ಟರ್ ಕಾಲಂ ನಲ್ ಆಗುತ್ತದೆ. ನಲ್ ಎನ್ನುವುದು ಅಂಕಿಯಲ್ಲ, ಆದ್ದರಿಂದ ಎಕ್ಸ್‌ಪೋರ್ಟರ್ ಆ ಮೆಟ್ರಿಕ್ಕನ್ನೇ ಕೈಬಿಡುತ್ತದೆ. 'ಲ್ಯಾಗ್ 30ಕ್ಕಿಂತ ಹೆಚ್ಚಾದರೆ ಎಬ್ಬಿಸು' ಎಂಬ ನಿಯಮಕ್ಕೆ ಹೋಲಿಸಲು ಏನೂ ಸಿಗುವುದಿಲ್ಲ, ಅದು ಹೊದ್ದು ಮಲಗುತ್ತದೆ. ಅಂದರೆ ರೆಪ್ಲಿಕಾ ನಿಧಾನವಾದರೆ ಅಲರ್ಟ್ ಬರುತ್ತದೆ, ಸತ್ತರೆ ಬರುವುದಿಲ್ಲ! ಆದ್ದರಿಂದ ಎರಡೂ ಥ್ರೆಡ್‌ಗಳು ಓಡುತ್ತಿವೆಯೇ ಎಂಬುದಕ್ಕೆ ಬೇರೆ ನಿಯಮ ಬೇಕು. ಮೆಟ್ರಿಕ್ ಕಾಣೆಯಾದರೆ ಕೂಗುವ 'ಆಬ್ಸೆಂಟ್' ನಿಯಮವೂ ಬೇಕು. ಆವೃತ್ತಿ ಬದಲಿಸುವಾಗಲೂ ಇದೇ ಬಲೆ. ಮೈಎಸ್‌ಕ್ಯುಎಲ್ 8.0.22ರಲ್ಲಿ 'ಸ್ಲೇವ್' ಎಂಬ ಪದದ ಜಾಗಕ್ಕೆ 'ರೆಪ್ಲಿಕಾ' ಬಂತು. ಬರಬೇಕಾದದ್ದೇ. 8.4ರಲ್ಲಿ ಹಳೆಯ ಆಜ್ಞೆಯೇ ಇಲ್ಲ. ಹಳೆಯ ಎಕ್ಸ್‌ಪೋರ್ಟರ್ ಹಳೆಯ ಪ್ರಶ್ನೆ ಕೇಳಿ ಬರಿಗೈಯಲ್ಲಿ ಬರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪೇನೂ ಕಾಣುವುದಿಲ್ಲ.

ಹಾಗೆಯೇ 'ಅಪ್' ಮತ್ತು 'ಮೈಎಸ್‌ಕ್ಯುಎಲ್_ಅಪ್' ಒಂದೇ ಎಂದುಕೊಂಡವರಿದ್ದಾರೆ. ಮೊದಲನೆಯದು ಎಕ್ಸ್‌ಪೋರ್ಟರ್ ಬದುಕಿದೆ ಎನ್ನುತ್ತದೆ, ಎರಡನೆಯದು ಡೇಟಾಬೇಸ್ ಬದುಕಿದೆ ಎನ್ನುತ್ತದೆ. ಮನೆ ಯಜಮಾನ ಹೋದ ಮೇಲೂ ಕಾವಲುಗಾರ ಗೇಟಿನಲ್ಲಿ ನಿಂತಿರಬಹುದಲ್ಲ. ಎರಡಕ್ಕೂ ನಿಯಮ ಹಾಕಿ.

ಎಷ್ಟು ಲ್ಯಾಗ್ ಆದರೆ ಎಬ್ಬಿಸಬೇಕು ಎಂಬುದಕ್ಕೆ ಪುಸ್ತಕದ ಉತ್ತರವಿಲ್ಲ. ತಿಂಗಳ ರಿಪೋರ್ಟ್ ಓದುವ ರೆಪ್ಲಿಕಾ ಹತ್ತು ನಿಮಿಷ ಹಿಂದಿದ್ದರೂ ಆಕಾಶ ಬೀಳುವುದಿಲ್ಲ. ಹಣ ಕಟ್ಟಿದ ಮರುಕ್ಷಣವೇ ಬ್ಯಾಲೆನ್ಸ್ ತೋರಿಸಬೇಕಾದ ರೆಪ್ಲಿಕಾಗೆ ಐದು ಸೆಕೆಂಡೂ ಹೆಚ್ಚು. ನಾನು ಸಾಮಾನ್ಯವಾಗಿ 30 ಸೆಕೆಂಡ್ ಮೀರಿ, ಐದು ನಿಮಿಷ ಹಾಗೇ ಉಳಿದರೆ ಎಂದು ಬರೆಯುತ್ತೇನೆ. ದೊಡ್ಡ ಟೇಬಲಿಗೆ ಆಲ್ಟರ್ ಹಾಕಿದ ರಾತ್ರಿ ಲ್ಯಾಗ್ ಏರಿಯೇ ಏರುತ್ತದೆ: ಪ್ರೈಮರಿಯಲ್ಲಿ ನಲವತ್ತು ನಿಮಿಷ ತಿಂದ ಕೆಲಸ ರೆಪ್ಲಿಕಾದಲ್ಲೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದೆ. ಆ ಹೊತ್ತಿಗೆ ಮೊದಲೇ ಅಲರ್ಟನ್ನು ಸುಮ್ಮನಿರಿಸಿ. ಅಲರ್ಟ್‌ಗಳಲ್ಲಿ ಎರಡೇ ಬಗೆ ಸಾಕು: ರಾತ್ರಿ ಎರಡಕ್ಕೆ ಎಬ್ಬಿಸಬೇಕಾದ್ದು, ಬೆಳಗ್ಗೆ ಕಾಫಿ ಕುಡಿಯುತ್ತ ನೋಡಬಹುದಾದ್ದು. ಡಿಸ್ಕ್ ಶೇಕಡಾ 80 ತುಂಬಿದ್ದು ಎರಡನೆಯ ಬಗೆ. ಅದಕ್ಕೆಲ್ಲ ಎಬ್ಬಿಸಿದರೆ ಮೂರನೇ ವಾರಕ್ಕೆ ಫೋನು ಸೈಲೆಂಟ್ ಮೋಡಿಗೆ ಹೋಗುತ್ತದೆ.

ನೀವು ಗಲೇರಾ ಕ್ಲಸ್ಟರ್ ಇಟ್ಟುಕೊಂಡಿದ್ದರೆ ಲೆಕ್ಕ ಬೇರೆ. ಅಲ್ಲಿ ನೋಡಬೇಕಾದ್ದು ಕ್ಲಸ್ಟರ್ ಗಾತ್ರ ಮೂರೇ ಇದೆಯೇ, ಪ್ರತಿ ನೋಡ್ ತನ್ನನ್ನು 'ಪ್ರೈಮರಿ' ಗುಂಪಿನಲ್ಲಿ ಕಾಣುತ್ತಿದೆಯೇ, ಮತ್ತು ಫ್ಲೋ ಕಂಟ್ರೋಲ್ ಎಷ್ಟು ಹೊತ್ತು ಬ್ರೇಕ್ ಹಾಕುತ್ತಿದೆ ಎಂಬುದನ್ನು. ನಿಧಾನವಾದ ಒಂದು ನೋಡ್ ಇಡೀ ಕ್ಲಸ್ಟರನ್ನು ತನ್ನ ನಡಿಗೆಗೆ ಎಳೆದುಕೊಳ್ಳುತ್ತದೆ.

ಅಲರ್ಟ್ ಹುಟ್ಟಿದರಾಯಿತೆ, ಕೈಗೆ ತಲುಪಬೇಕಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ರೆಪ್ಲಿಕೇಷನ್ ಹಿಂದೆ ಬಿದ್ದು, ಅದನ್ನು ಸರಿಪಡಿಸುತ್ತಿದ್ದ ಇಂಜಿನಿಯರ್ ರೆಪ್ಲಿಕಾ ಎಂದುಕೊಂಡು ಪ್ರೈಮರಿಯ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಅದು ಪೋಸ್ಟ್‌ಗ್ರೆಸ್, ಆದರೆ ಕಥೆ ಎಲ್ಲರದ್ದೂ. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ. ಡೇಟಾಬೇಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2, ಪ್ರತಿ ಸಲ ವಿಫಲ. ವಿಫಲವಾಯಿತು ಎಂಬ ಇಮೇಲುಗಳು ಹೊರಟಿದ್ದವು, ಆದರೆ ಡಿಮಾರ್ಕ್ ಸಹಿ ಇಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸಿತ್ತು. ಯಾರ ಪೆಟ್ಟಿಗೆಗೂ ದೂರು ಬಾರದಿದ್ದರೆ ಎಲ್ಲ ಸುಸೂತ್ರ ಎಂದೇ ಅಲ್ಲವೆ ನಾವೂ ಅಂದುಕೊಳ್ಳುವುದು? ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್.

ಇದಕ್ಕೆ ನಾನು ಮಾಡುವ ಉಪಾಯ, ಯಾವಾಗಲೂ ಕೂಗುತ್ತಲೇ ಇರುವ ಒಂದು ಅಲರ್ಟ್. ನಿಯಮ ಸದಾ ನಿಜವಾಗಿರುವಂತೆ ಬರೆದು, ಪ್ರೊಮೀಥಿಯಸ್‌ನ ಅಲರ್ಟ್‌ಗಳನ್ನು ಹಂಚುವ ಅಲರ್ಟ್‌ಮ್ಯಾನೇಜರ್ ಮೂಲಕ ನಮ್ಮ ಜಾಲದ ಹೊರಗಿನ ಒಂದು ಸೇವೆಗೆ ಐದು ನಿಮಿಷಕ್ಕೊಮ್ಮೆ ಕಳಿಸುವುದು. ಅದು ಬರುವುದು ನಿಂತರೆ ಆ ಸೇವೆ ನನಗೆ ಫೋನ್ ಮಾಡುತ್ತದೆ. ಇದೂ ಒಂದು ಹಾರ್ಟ್‌ಬೀಟೇ. ಮೊದಲನೆಯದು ಡೇಟಾದ ದಾರಿಯಲ್ಲಿ ಹೋಗುತ್ತದೆ, ಇದು ದೂರಿನ ದಾರಿಯಲ್ಲಿ.

ಎಲ್ಲ ಕೂರಿಸಿದ ಮೇಲೆ ಬೇಕೆಂದೇ ಕೆಡಿಸಿ ನೋಡಿ. ಗ್ರಾಹಕರಿಗೆ ತಿಳಿಸಿ, ಮಧ್ಯಾಹ್ನದ ಬಿಡುವಿನಲ್ಲಿ, ಒಂದು ರೆಪ್ಲಿಕಾದಲ್ಲಿ. ಮೊದಲು ಎಸ್‌ಕ್ಯುಎಲ್ ಥ್ರೆಡ್ ನಿಲ್ಲಿಸಿ. ಕೆಲವು ನಿಮಿಷದಲ್ಲಿ ಫೋನ್ ಬರಬೇಕು. ಅದನ್ನು ಮತ್ತೆ ಶುರು ಮಾಡಿ. ಆಮೇಲೆ ಐಪಿಟೇಬಲ್ಸ್‌ನಲ್ಲಿ ಪ್ರೈಮರಿಯಿಂದ ಬರುವ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸುವ ನಿಯಮ ಹಾಕಿ, ರಿಜೆಕ್ಟ್ ಅಲ್ಲ, ಡ್ರಾಪ್. ಎರಡು ಗ್ರಾಫನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತರೆ ಒಂದು ನಾಟಕವೇ ಕಾಣುತ್ತದೆ. ಹಾರ್ಟ್‌ಬೀಟ್ ಲ್ಯಾಗ್ ಹದಿನೈದು, ಮೂವತ್ತು, ನಲವತ್ತೈದು ಎಂದು ಮೆಟ್ಟಿಲು ಹತ್ತುತ್ತಿದ್ದರೆ, ಪಕ್ಕದಲ್ಲಿ ಸೆಕೆಂಡ್ಸ್_ಬಿಹೈಂಡ್ ಮಾತ್ರ ಸೊನ್ನೆಯಲ್ಲೇ ಮಲಗಿರುತ್ತದೆ. ಈಗಿನ ಆವೃತ್ತಿಗಳಲ್ಲಿ 60 ಸೆಕೆಂಡ್ ಸುದ್ದಿ ಬಾರದಿದ್ದರೆ ಐಓ ಥ್ರೆಡ್‌ಗೆ ಅನುಮಾನ ಬಂದು ಸಂಪರ್ಕ ಕಡಿದುಕೊಳ್ಳುತ್ತದೆ. 5.7.7ಕ್ಕಿಂತ ಹಳೆಯವಾದರೆ ಆ ಅವಧಿ 3,600 ಸೆಕೆಂಡ್. ಒಂದು ಗಂಟೆ ಕಾಲ 'ಎಲ್ಲ ಸರಿ, ಬಾಕಿ ಸೊನ್ನೆ'.

ಫೋನ್ ಬಂದ ಮೇಲೆ ಡ್ರಾಪ್ ನಿಯಮವನ್ನು ತೆಗೆಯಿರಿ. ಮರೆತು ಊಟಕ್ಕೆ ಹೋದವರೂ ಇದ್ದಾರೆ. ಹಾರ್ಟ್‌ಬೀಟ್ ಲ್ಯಾಗ್ ಮತ್ತೆ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುವ ತನಕ ಪರದೆಯ ಮುಂದಿನಿಂದ ಏಳಬೇಡಿ.