ಹಾಸಿಗೆಯ ಓದಿಗೊಂದು ದೀಪ

ರಾತ್ರಿ ಹತ್ತು ಗಂಟೆಯಾಯಿತೆಂದರೆ ನಮ್ಮ ಮನೆಯಲ್ಲಿ ಒಂದು ತಕರಾರು ಶುರುವಾಗುತ್ತಿತ್ತು. ಆ ಹೊತ್ತಿಗೆ ನನ್ನ ಹೆಂಡತಿಗೆ ನಿದ್ದೆ ಬರುತ್ತದೆ, ನನಗೆ ಓದುವ ಹುರುಪು ಬರುತ್ತದೆ. ಬ್ಯಾಂಕಿನಲ್ಲಿ 36 ವರ್ಷ ಹಗಲೆಲ್ಲ ಲೆಡ್ಜರ್ ನೋಡಿ, ರಾತ್ರಿ ಕತೆ ಕಾದಂಬರಿ ಓದಿಯೇ ಮಲಗಿದವನು ನಾನು. ನಿವೃತ್ತನಾದ ಮೇಲೆ ಲೆಡ್ಜರ್ ಹೋಯಿತು, ಓದು ಉಳಿಯಿತು.

"ರೀ, ಆ ಟ್ಯೂಬ್‌ಲೈಟ್ ಆರಿಸಿ ಪುಣ್ಯ ಕಟ್ಕೊಳ್ಳಿ" ಎಂದು ಅವಳು ಗೋಡೆ ಕಡೆ ತಿರುಗುತ್ತಿದ್ದಳು. "ಇನ್ನೆರಡೇ ಪುಟ" ಎನ್ನುತ್ತಿದ್ದೆ. ಆ ಎರಡು ಪುಟ ಇಪ್ಪತ್ತಾಗುವುದು ಅವಳಿಗೂ ಗೊತ್ತು, ನನಗೂ ಗೊತ್ತು.

ಹೋದ ವರ್ಷ ಅವಳ ಮೊಣಕಾಲಿನ ಆಪರೇಷನ್ ಆಯಿತು. ನೋವಿಗೆ ರಾತ್ರಿ ಎರಡೆರಡು ಸಲ ಎಚ್ಚರವಾಗುತ್ತಿತ್ತು. ಹಾಗೂ ಹೀಗೂ ಕಣ್ಣು ಹತ್ತಿತು ಅನ್ನುವಾಗ ನನ್ನ ಟ್ಯೂಬ್‌ಲೈಟ್. ಒಂದು ದಿನ ಅವಳು ಸಿಟ್ಟಿಲ್ಲದೆ, ಮೆಲ್ಲಗೆ, "ನಾನು ಹಾಲ್‌ನಲ್ಲಿ ದಿವಾನದ ಮೇಲೆ ಮಲಗ್ತೀನಿ, ನೀವು ಆರಾಮಾಗಿ ಓದ್ಕೊಳ್ಳಿ" ಎಂದಳು. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ. 47 ವರ್ಷದ ಸಂಸಾರದಲ್ಲಿ ಅವಳು ಹೆರಿಗೆಗೆ ತವರಿಗೆ ಹೋದದ್ದು ಬಿಟ್ಟರೆ ನಾವು ಬೇರೆ ಬೇರೆ ಮಲಗಿದ್ದು ಕಡಿಮೆ. ಮರುದಿನವೇ, ಪುಸ್ತಕಕ್ಕೆ ಮಾತ್ರ ಬೆಳಕು ಬೀಳುವ ಬ್ಯಾಟರಿ ದೀಪವೊಂದನ್ನು ಹುಡುಕಲು ಹೊರಟೆ.

ಹೊರಡುವ ಮುಂಚೆ ನೆನಪಾದದ್ದು ನಮ್ಮೂರ ಚಿಮಣಿ ಬುಡ್ಡಿ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಜೋಗದಲ್ಲಿ 1948ರಿಂದಲೇ ಕರೆಂಟ್ ಹುಟ್ಟುತ್ತಿತ್ತು. ಅದರ ತಂತಿಗಳು ನಮ್ಮ ಗುಡ್ಡದ ಮೇಲೆಯೇ ಹಾದು ಹೋಗುತ್ತಿದ್ದವು. ಮನೆಯೊಳಗೆ ಮಾತ್ರ ಸೀಮೆಎಣ್ಣೆ ದೀಪ! ಐದು ಮಕ್ಕಳು ಒಂದು ಬುಡ್ಡಿಯ ಸುತ್ತ ಮೂಗಿಗೆ ಮೂಗು ತಾಗಿಸಿ ಕೂತು ಓದುತ್ತಿದ್ದೆವು. ಬೆಳಿಗ್ಗೆ ಮೂಗಿನ ಹೊಳ್ಳೆಯೆಲ್ಲ ಮಸಿ. ಅಷ್ಟು ಪುಟ್ಟ ಬೆಳಕಿನಲ್ಲಿ ಅಕ್ಷರ ಹೇಗೆ ಕಾಣುತ್ತಿತ್ತು? ದೀಪ ಪುಸ್ತಕದ ಹತ್ತಿರ ಇತ್ತು, ಅದಕ್ಕೇ.

ಮಕ್ಕಳೇ, ಇದನ್ನು ಲೆಕ್ಕದಲ್ಲೇ ನೋಡಬಹುದು. ಸಣ್ಣ ದೀಪವೊಂದು ಪುಟದಿಂದ ಒಂದಡಿ ದೂರ ಇದೆ ಅಂದುಕೊಳ್ಳಿ. ಎರಡಡಿಗೆ ಸರಿಸಿದರೆ ಪುಟದ ಮೇಲಿನ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮೂರಡಿಗೆ ಒಂಬತ್ತರಲ್ಲಿ ಒಂದು ಭಾಗ. ಎಂಟಡಿಗೆ, ಅಂದರೆ ಹೆಚ್ಚುಕಡಿಮೆ ಚಾವಣಿಯ ಎತ್ತರಕ್ಕೆ, ಎಂಟೆಂಟ್ಲೆ 64ರಲ್ಲಿ ಒಂದು ಭಾಗ. ಹಾಗಾಗಿ ಪುಟದ ಹತ್ತಿರದ ಪುಟಾಣಿ ದೀಪ ಚಾವಣಿಯ ದೊಡ್ಡ ಬಲ್ಬನ್ನು ಸೋಲಿಸುತ್ತದೆ. ನನ್ನ ಮಗಳ ಮಗಳು ಏಳನೇ ಕ್ಲಾಸು, ಟಾರ್ಚ್ ಹಿಡಿದು ಸ್ಕೇಲಿನಲ್ಲಿ ಅಳೆದು, "ಹೌದು ಅಜ್ಜ" ಎಂದು ಒಪ್ಪಿಕೊಂಡಳು. ಅವಳೂ ಓದುವ ಹುಳು. ರಜೆಗೆ ಬಂದಾಗ ಹೊದಿಕೆಯೊಳಗೆ ಅಮ್ಮನ ಮೊಬೈಲಿನ ಟಾರ್ಚ್ ಹಾಕಿಕೊಂಡು ಓದಿ ಸಿಕ್ಕಿಬಿದ್ದವಳು.

ಮೊದಲು ನಾನು ತಂದದ್ದು ಹಣೆಗೆ ಕಟ್ಟುವ ಟಾರ್ಚು. ನಮ್ಮ ಕಡೆ ರಾತ್ರಿ ಪಂಪ್ ಚಾಲೂ ಮಾಡಲು ತೋಟಕ್ಕೆ ಹೋಗುವವರು ಕಟ್ಟಿಕೊಳ್ಳುತ್ತಾರಲ್ಲ, ಅದು. ತೋಟಕ್ಕೆ ಒಳ್ಳೆಯದು. ಹಾಸಿಗೆಗೆ ಬೇಡ. ಮುಖ ಎತ್ತ ತಿರುಗಿದರೆ ಬೆಳಕೂ ಅತ್ತ. ನಿದ್ದೆ ಬಂತೇ ಎಂದು ಹೆಂಡತಿಯ ಕಡೆ ತಿರುಗಿ ನೋಡಿದೆ. ಬಂದಿದ್ದ ನಿದ್ದೆ ಹಾರಿಹೋಯಿತು.

ಎರಡನೆಯದು ಪುಸ್ತಕಕ್ಕೆ ಸಿಕ್ಕಿಸುವ ಕ್ಲಿಪ್ ದೀಪ. ಜಾತ್ರೆಯ ಅಂಗಡಿಯೊಂದರಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕಿತು. ತೂಕವೇ ಇಲ್ಲ, ಬೆಳಕೂ ಪರವಾಗಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬೀಗಿದೆ. ಆ ಅಗ್ಗ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳಲಿಕ್ಕೇ ಈ ಲೇಖನ ಬರೆಯುತ್ತಿರುವುದು.

ಅದರೊಳಗೆ ಇದ್ದದ್ದು ನಾಣ್ಯದಂಥ ಬಟನ್ ಸೆಲ್‌ಗಳು. 2032 ಎಂಬ ನಂಬರಿನವು, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಲ್ಲಿ ತಳ್ಳಿದರೆ ತೆರೆಯುತ್ತಿತ್ತು. ಒಂದು ಮಧ್ಯಾಹ್ನ ನಾನು ಊಟ ಮಾಡಿ ಮಲಗಿದ್ದೆ. ದೀಪ ದಿಂಬಿನ ಪಕ್ಕ ಇತ್ತು. ಮಗಳ ಎರಡನೆಯ ಮಗು, ಒಂದೂವರೆ ವರ್ಷದವನು, ಯಾವಾಗ ಬಂದನೋ! ಹೆಂಡತಿ ಕೋಲೂರಿಕೊಂಡು ಕೋಣೆಗೆ ಬಂದಾಗ ದೀಪ ನೆಲದ ಮೇಲಿತ್ತು, ಮುಚ್ಚಳ ತೆರೆದಿತ್ತು. ಒಂದು ಸೆಲ್ ಮಂಚದ ಕಾಲಿನ ಹತ್ತಿರ. ಇನ್ನೊಂದು ಅವನ ಮುಷ್ಟಿಯಲ್ಲಿ, ಮುಷ್ಟಿ ಬಾಯಿಯ ಹತ್ತಿರ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದ ಕಾಲನ್ನು ಬಗ್ಗಿಸಿ ಅವಳು ಅದನ್ನು ಕಿತ್ತುಕೊಂಡಳು. ನನಗೆ ಎಚ್ಚರವಾದದ್ದು ಮಗು ಅತ್ತಾಗ. ಎರಡು ಸೆಲ್ ಇದ್ದವು, ಎರಡೂ ಸಿಕ್ಕವು. ಬ್ಯಾಂಕಿನಲ್ಲಿ ಲಕ್ಷಾಂತರ ರೂಪಾಯಿ ಎಣಿಸಿದ್ದೇನೆ. ಆವತ್ತು ಆ ಎರಡನ್ನು ಎಣಿಸುವಾಗ ನಡುಗಿದ ಹಾಗೆ ಕೈ ಎಂದೂ ನಡುಗಿರಲಿಲ್ಲ.

ಅಜ್ಜ ಅಜ್ಜಿಯರು ಇದನ್ನು ಗಮನವಿಟ್ಟು ಓದಬೇಕು. ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ಕರೆಂಟ್ ಹರಿಯುತ್ತದೆ. ಆಗ ಹುಟ್ಟುವ ಕ್ಷಾರ ಒಳಗಿನ ಚರ್ಮವನ್ನು ಸುಡತೊಡಗುತ್ತದೆ. ಎರಡೇ ಗಂಟೆಯಲ್ಲಿ ದೊಡ್ಡ ಗಾಯವಾಗಬಹುದು. ದೀಪ ಉರಿಸಲಾಗದಷ್ಟು ಖಾಲಿಯಾದ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ಜೊಲ್ಲು ಸುರಿಸಬಹುದು, ಕೆಮ್ಮಬಹುದು, ಏನೂ ಆಗದವರಂತೆ ಆಡಿಕೊಂಡೂ ಇರಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ನಾಳೆ ನೋಡೋಣ ಎನ್ನದೆ, ಆ ಕ್ಷಣವೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಆ ಸಂಜೆ ನಾನು ಮನೆಯ ಆಟಿಕೆ, ರಿಮೋಟು, ತೂಕದ ಯಂತ್ರ ಎಲ್ಲವನ್ನೂ ತಿರುಗಿಸಿ ನೋಡಿದೆ. ಹಾಡು ಹೇಳುವ ಒಂದು ಹುಟ್ಟುಹಬ್ಬದ ಕಾರ್ಡಿನೊಳಗೂ ಬಟನ್ ಸೆಲ್ ಇತ್ತು.

ಹೆಂಡತಿ ನನ್ನನ್ನು ಬೈಯಲಿಲ್ಲ. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅದು ನ್ಯಾಯವೇ.

ಮೂರನೆಯ ಸಲ ಅಂಗಡಿಗೆ ಹೋದಾಗ ನಾನು ಹಳೆಯ ಗುಮಾಸ್ತನಾಗಿಯೇ ಹೋದೆ, ನೋಟ್‌ಬುಕ್ ಹಿಡಿದು, ಮೊಮ್ಮಗಳನ್ನು ಕರೆದುಕೊಂಡು. ಮೊದಲನೆಯ ಷರತ್ತು, ಬಟನ್ ಸೆಲ್ ಇರಕೂಡದು. ಒಳಗೇ ಮುಚ್ಚಿಟ್ಟ, ಮೊಬೈಲ್ ಚಾರ್ಜರಿನ ವೈರಿನಿಂದ ಚಾರ್ಜ್ ಆಗುವ ಬ್ಯಾಟರಿ ಇರಬೇಕು. ಎರಡನೆಯದು ಬಣ್ಣ. ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಬರೆದಿರುತ್ತಾರೆ. 6500 ಎಂದರೆ ನೀಲಿ ಬೆರೆತ ಬಿಳಿ, 2700 ಅಥವಾ 3000 ಎಂದರೆ ಹಳೆಯ ಬಲ್ಬಿನ ಹಳದಿ. ಬಿಳಿ ಎಲ್‌ಇಡಿಯ ಒಳಗೆ ಸಾಮಾನ್ಯವಾಗಿ ಇರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ, ಎರಡೂ ಸೇರಿ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆದರೆ ರಾತ್ರಿ ಹೊತ್ತು ನೀಲಿ ಹೆಚ್ಚಿರುವ ಬೆಳಕು ಮೆದುಳಿಗೆ ಇನ್ನೂ ಹಗಲಿದೆ ಎಂದು ಹೇಳಿ ನಿದ್ದೆಯನ್ನು ಮುಂದೂಡುತ್ತದೆ. ಹಾಸಿಗೆಗೆ ಹಳದಿಯೇ ಸರಿ.

ಮೂರನೆಯದು ಬ್ಯಾಟರಿಯ ಲೆಕ್ಕ. ಇಲ್ಲಿ ನನ್ನನ್ನು ಯಾರೂ ಏಮಾರಿಸಲಾಗದು! ಬ್ಯಾಟರಿ ಎಂದರೆ ಉಳಿತಾಯ ಖಾತೆ ಇದ್ದ ಹಾಗೆ. ನಾನು ನೋಡಿದ ದೀಪದ ಡಬ್ಬಿಯ ಮೇಲೆ 1200 ಎಂಎಎಚ್ ಎಂದಿತ್ತು, ಪಕ್ಕದಲ್ಲಿ ದೊಡ್ಡದಾಗಿ 80 ಗಂಟೆ ಎಂದಿತ್ತು. 1200ನ್ನು 80ರಿಂದ ಭಾಗಿಸಿದರೆ ಬರುವುದು 15. ಗಂಟೆಗೆ ಅಷ್ಟೇ ಖರ್ಚು ಮಾಡಿದರೆ ಸಿಗುವುದು ನಂದಾದೀಪದಂಥ ಬೆಳಕು. ಹಾಗಾದರೆ ಆ 80 ಗಂಟೆ ಅತಿ ಮಂದ ಬೆಳಕಿನ ಲೆಕ್ಕ. ತಂದ ಮೇಲೆ ನನಗೆ ಬೇಕಾದ ನಡುವಿನ ಬೆಳಕಿನಲ್ಲಿ ಉರಿಸಿ ಬರೆದಿಟ್ಟೆ. ಬಂದದ್ದು 11 ಗಂಟೆ 20 ನಿಮಿಷ. ದಿನಕ್ಕೊಂದು ಗಂಟೆ ಓದಿದರೆ ಹನ್ನೊಂದು ರಾತ್ರಿ. ಸಾಲದೇ?

ನಾಲ್ಕನೆಯದು ಮೊಮ್ಮಗಳ ಪರೀಕ್ಷೆ. ಸ್ಕೂಲಿನಲ್ಲಿ ಕಲಿತದ್ದಂತೆ. ದೀಪದ ಕೆಳಗೆ ಪೆನ್ಸಿಲನ್ನು ಬೀಸಣಿಗೆಯಂತೆ ವೇಗವಾಗಿ ಅಲ್ಲಾಡಿಸಿದಳು. ಒಂದು ದೀಪದ ಕೆಳಗೆ ಪೆನ್ಸಿಲ್ ಒಂದೇ ಮಸುಕಾಗಿ ಕಂಡಿತು. ಇನ್ನೊಂದರ ಕೆಳಗೆ ಐದಾರು ಪೆನ್ಸಿಲ್ ಬಿಡಿಬಿಡಿಯಾಗಿ ಕಂಡವು. ಎರಡನೆಯದು ನಮಗೆ ಗೊತ್ತಾಗದಷ್ಟು ವೇಗವಾಗಿ ಆರಿ ಹೊತ್ತುವ ದೀಪ. ಅಂಥದ್ದರಲ್ಲಿ ಓದಿದರೆ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆನೋವು ಬರುತ್ತದೆ. ಅಂಗಡಿಯವನೂ ಪೆನ್ಸಿಲ್ ಇಸಕೊಂಡು ತನ್ನ ಶೆಲ್ಫಿನ ದೀಪವನ್ನೆಲ್ಲ ಪರೀಕ್ಷಿಸತೊಡಗಿದ.

ಕೊರಳಿಗೆ ಹಾಕಿಕೊಳ್ಳುವ ದೀಪವನ್ನೂ ನೋಡಿದೆವು. ಕೂತು ಓದುವವರಿಗೆ, ಹೊಲಿಗೆ ಹಾಕುವವರಿಗೆ ಚೆನ್ನಾಗಿದೆ. ನಾನು ಮಗ್ಗುಲಾಗಿ ಮಲಗಿ ಓದುವವನು, ದಿಂಬಿಗೆ ಒತ್ತುತ್ತದೆ. ಕೊನೆಗೆ ಬಗ್ಗುವ ಕತ್ತಿನ ಕ್ಲಿಪ್ ದೀಪವನ್ನೇ ತೆಗೆದುಕೊಂಡೆ. ಆರುನೂರು ರೂಪಾಯಿ ಚಿಲ್ಲರೆ ಆಯಿತು. ಮೂರು ಮಟ್ಟದ ಬೆಳಕು ಇದೆ. ಮೊಮ್ಮಗಳಿಗೆ ಅತಿ ಮಂದದ್ದು ಸಾಕು, ನನಗೆ ನಡುವಿನದು ಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿನೊಳಗೆ ಹೋಗುತ್ತದೆ. ಆದ್ದರಿಂದ ಮಕ್ಕಳೇ, ಅಜ್ಜ ಲೈಟ್ ಹಾಕು ಎಂದರೆ ಅದು ಹಟವಲ್ಲ.

ಈ ಪತ್ರಿಕೆಯಂಥ ತೆಳು ಪುಸ್ತಕಕ್ಕೆ ಕ್ಲಿಪ್ ಸಿಕ್ಕಿಸಿದರೆ ದೀಪದ ಭಾರಕ್ಕೆ ಪುಟ ಮಡಚಿಕೊಳ್ಳುತ್ತದೆ. ಮೊಮ್ಮಗಳ ಹಳೆಯ ಪರೀಕ್ಷೆ ಪ್ಯಾಡ್ ಇಟ್ಟುಕೊಂಡಿದ್ದೇನೆ. ಅದಕ್ಕೆ ದೀಪ ಸಿಕ್ಕಿಸಿ, ಮೇಲೆ ಪತ್ರಿಕೆ ಇಟ್ಟು ಓದುತ್ತೇನೆ. ಹೊಳೆಯುವ ಕಾಗದವಾದರೆ ದೀಪವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಬೇಕು, ನೇರ ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಚಾರ್ಜ್ ಮಾಡುವುದು ಹಗಲಿನಲ್ಲಿ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ. ಹಾಸಿಗೆ ಮೇಲೆ, ದಿಂಬಿನಡಿ ಎಂದೂ ಇಲ್ಲ. ಲಿಥಿಯಂ ಬ್ಯಾಟರಿ ಕೆಟ್ಟು ಬಿಸಿಯಾದರೆ ಹತ್ತಿಯ ಹಾಸಿಗೆ ಪಕ್ಕದಲ್ಲಿರಬಾರದು. ಓದಿ ಮುಗಿದ ಮೇಲೆ ದೀಪ ಕಪಾಟಿನ ಮೇಲಿನ ಹಲಗೆಗೆ ಹೋಗುತ್ತದೆ, ಚಿಕ್ಕವನು ಊರಿನಲ್ಲಿರಲಿ ಬಿಡಲಿ.

ಹೆಂಡತಿ ದಿವಾನದಿಂದ ಹಿಂದಿರುಗಿ ನಾಲ್ಕು ತಿಂಗಳಾಯಿತು. ಮೊನ್ನೆ ರಾತ್ರಿ ಹನ್ನೊಂದಕ್ಕೆ, ಮಲಗಿದ್ದಾಳೆಂದು ನಾನು ಸದ್ದಿಲ್ಲದೆ ಪುಟ ತಿರುಗಿಸುತ್ತಿದ್ದೆ. "ಆ ಹುಡುಗಿಗೆ ಮದುವೆ ಆಯ್ತೇನ್ರೀ?" ಎಂದಳು, ಗೋಡೆ ಕಡೆ ಮುಖ ಮಾಡಿಕೊಂಡೇ. ಹಿಂದಿನ ರಾತ್ರಿ ಕತೆಯ ಅರ್ಧ ಹೇಳಿದ್ದೆ. ಇನ್ನೂ ಇಲ್ಲ, ಎರಡು ಅಧ್ಯಾಯ ಬಾಕಿ ಇದೆ ಎಂದೆ. "ಸರಿ, ಓದಿ ಹೇಳಿ" ಎಂದು ಹೊದಿಕೆ ಎಳೆದುಕೊಂಡಳು.