ನಲ್ಲಿ ನೀರು: ದೋಷ ಯಾವುದು, ಶೋಧನೆ ಯಾವುದು

ಬೆಂಗಳೂರಿನ ಅನೇಕ ಮನೆಗಳ ಸಂಪಿನಲ್ಲಿ ಎರಡು ಬಗೆಯ ನೀರು ಬೆರೆಯುತ್ತದೆ: ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಪಂಪುಗಳ ಬಲದಿಂದ ಏರಿ ಬರುವ ಕಾವೇರಿ ನೀರು ಒಂದು, ನೂರಾರು ಅಡಿ ಆಳದ ಬಂಡೆಯ ಬಿರುಕುಗಳಿಂದ ಎತ್ತಿದ ಕೊಳವೆಬಾವಿಯ ನೀರು ಇನ್ನೊಂದು. ನದಿಯ ನೀರಿನಲ್ಲಿ ಕರಗಿದ ಲವಣ ಕಡಿಮೆ, ರೋಗಾಣು ಸೇರುವ ಸಾಧ್ಯತೆ ಹೆಚ್ಚು. ಕೊಳವೆಬಾವಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಬಹುಕಾಲ ಕಲ್ಲಿನ ಸಂಪರ್ಕದಲ್ಲಿದ್ದುದರಿಂದ ಖನಿಜಗಳನ್ನು ಹೊತ್ತು ಬಂದಿರುತ್ತದೆ. ದೋಷಗಳೇ ಬೇರೆಯಾಗಿರುವಾಗ ಎರಡಕ್ಕೂ ಒಂದೇ ಯಂತ್ರವನ್ನು ಅಡುಗೆಮನೆಯ ಗೋಡೆಗೆ ತಗುಲಿಸುವ ರೂಢಿಗೆ ವಿಜ್ಞಾನದ ಆಧಾರವಿಲ್ಲ.

ಆ ರೂಢಿಯನ್ನು ಬೆಳೆಸಿದ್ದರಲ್ಲಿ ಪೆನ್ನಿನಾಕಾರದ ಟಿಡಿಎಸ್ ಮೀಟರಿನ ಪಾಲು ಸಣ್ಣದಲ್ಲ. ಅದು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು, ಕರಗಿರುವ ಒಟ್ಟು ಪದಾರ್ಥಗಳ ಪ್ರಮಾಣವನ್ನು ಅಂದಾಜು ಮಾಡುತ್ತದೆಯೇ ಹೊರತು ಆ ಪದಾರ್ಥಗಳು ಯಾವುವೆಂದು ಹೇಳುವುದಿಲ್ಲ. ಕುಡಿಯುವ ನೀರಿನ ರಾಷ್ಟ್ರೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದ ಕಡೆ 2,000ದವರೆಗೂ ಅನುಮತಿಯಿದೆ. ಅದೇ ಮಾನದಂಡವು 100 ಮಿಲಿಲೀಟರ್ ನೀರಿನಲ್ಲಿ ಮಲಮಾಲಿನ್ಯದ ಸೂಚಕವಾದ ಇ. ಕೋಲೈ ಬ್ಯಾಕ್ಟೀರಿಯಾ ಒಂದೂ ಇರಬಾರದೆನ್ನುತ್ತದೆ, ಆದರೆ ಮೀಟರಿಗೆ ಬ್ಯಾಕ್ಟೀರಿಯಾ ಕಾಣಿಸುವುದೇ ಇಲ್ಲ. ಎರಡು ಲೋಟಗಳಲ್ಲಿ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ ಹರಿಸಿ, ನಲ್ಲಿ ನೀರು ಕೆಸರಾಗುವುದನ್ನೂ ಯಂತ್ರದ ನೀರು ತಿಳಿಯಾಗಿಯೇ ಉಳಿಯುವುದನ್ನೂ ತೋರಿಸುವ ಮಾರಾಟದ ಪ್ರದರ್ಶನವಂತೂ ಶುದ್ಧ ಕಣ್ಕಟ್ಟು: ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಸವೆಯುತ್ತದೆ, ಕಾಣುವ ಕಂದು ಬಗ್ಗಡ ಆ ಕಡ್ಡಿಯ ತುಕ್ಕು.

ಮನೆಯ ಹಳೆಯ ಪರೀಕ್ಷೆಗಳೂ ಎಲ್ಲ ಕಡೆ ನೆರವಿಗೆ ಬರುವುದಿಲ್ಲ. ಬೇಳೆ ಬೇಯದ, ಸೋಪು ನೊರೆಯಾಗದ ನೀರನ್ನು ಗಡಸು ನೀರೆಂದು ಗುರುತಿಸುವುದು ಸರಿಯಾದ ಗ್ರಹಿಕೆಯೇ, ಏಕೆಂದರೆ ಎರಡಕ್ಕೂ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗದಂತಹ ಒಣಪ್ರದೇಶಗಳ ಅಂತರ್ಜಲವನ್ನು ಕಾಡುವ ಫ್ಲೋರೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಅದು ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಕರಗದ ಸಂಯುಕ್ತವಾಗಿ ಅದರ ಮಟ್ಟವನ್ನು ತಡೆಯುತ್ತದೆ. ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಹೊರಬಿದ್ದರೆ ಆ ತಡೆ ಸಡಿಲವಾಗುತ್ತದೆ. ಹಾಗಾಗಿ ಬೇಳೆಯನ್ನು ಚೆನ್ನಾಗಿ ಬೇಯಿಸುವ ಮೆದು ನೀರಿನಲ್ಲಿಯೇ ಫ್ಲೋರೈಡ್ ಅಧಿಕವಾಗಿರಬಹುದು ಎಂಬ ವಿಪರ್ಯಾಸ ಉಂಟಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, 1.5 ಗರಿಷ್ಠ ಮಿತಿ. ಅದಕ್ಕಿಂತ ಮೇಲಿನ ನೀರನ್ನು ವರ್ಷಗಟ್ಟಲೆ ಕುಡಿದಾಗ ಮಕ್ಕಳ ಹಲ್ಲಿನ ಎನಾಮಲ್ ಕಂದುಗಟ್ಟಬಹುದು, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ಮತ್ತು ಕೀಲುಗಳೂ ಬಿಗಿಯುತ್ತವೆ.

ಇಂತಹ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಸುಣ್ಣ ಮತ್ತು ಪಟಿಕ ಬೆರೆಸಿ ಕದಡಿ, ತಳಕ್ಕಿಳಿಯುವ ಬಗ್ಗಡದೊಂದಿಗೆ ಫ್ಲೋರೈಡನ್ನು ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ಸೂಕ್ಷ್ಮಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿ ಲವಣಗಳನ್ನು ಹಿಂದೆ ಉಳಿಸುವ ಆರ್‌ಒ ವಿಧಾನ ಇಲ್ಲಿ ನಿಜಕ್ಕೂ ಅಗತ್ಯ, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಬಳಸುವುದೂ ಇದನ್ನೇ. ಬೀಳುವ ಮಳೆಯಲ್ಲಿ ಶಿಲೆಯ ಫ್ಲೋರೈಡ್ ಇರುವುದಿಲ್ಲವಾದ್ದರಿಂದ, ಚಾವಣಿಯ ಮೊದಲ ಕೊಳೆನೀರನ್ನು ಹೊರಬಿಟ್ಟು ಹಿಡಿದಿಟ್ಟ ಮಳೆನೀರು ಇದಕ್ಕಿಂತ ಅಗ್ಗದ ದಾರಿ.

ಕಾವೇರಿ ನೀರಿನ ಸಮಸ್ಯೆ ಮೂಲದಲ್ಲಿಲ್ಲ, ದಾರಿಯಲ್ಲಿದೆ. ಸರಬರಾಜು ನಿಂತಾಗ ಕೊಳವೆಯ ಒತ್ತಡ ಕುಸಿದು, ಬಿರುಕುಗಳ ಮೂಲಕ ಹೊರಗಿನ ಕೊಳೆನೀರು ಒಳಕ್ಕೆ ಎಳೆಯಲ್ಪಡಬಹುದು. ಅದಕ್ಕಾಗಿಯೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕೆಂಬ ನಿಯಮವಿದೆ. ಇಂತಹ ನೀರಿಗೆ ಕುದಿಸುವುದು ಸಾಕು. ನೇರಳಾತೀತ ಕಿರಣವೂ ರೋಗಾಣುವಿನ ಡಿಎನ್‌ಎ ಕೆಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ, ಆದರೆ ಕದಡಿದ ನೀರಿನಲ್ಲಿ ಕಿರಣ ಒಳಹೊಗದು. ಕ್ಲೋರಿನ್ ವಾಸನೆ ಒಗ್ಗದವರು ಬಳಸುವ ಇದ್ದಿಲಿನ ಶೋಧಕ ಆ ರಕ್ಷಣೆಯನ್ನೂ ತೆಗೆದುಹಾಕುವುದರಿಂದ, ಶೋಧಿಸಿದ ನೀರನ್ನು ಬಹುಕಾಲ ಕೂಡಿಡಬಾರದು. ಲವಣ ಕಡಿಮೆಯಿರುವ ಈ ನೀರನ್ನು ಆರ್‌ಒಗೆ ಹಾಯಿಸಿದರೆ ಶೋಧಿಸಿದಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ವ್ಯರ್ಥವಾಗಿ ಹರಿಯುತ್ತದೆ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಪ್ರಯೋಗಾಲಯದ ವರದಿ ಪಡೆಯುವುದು ಕ್ರಮ. ಫ್ಲೋರೈಡ್ ಪರೀಕ್ಷೆಗೆ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಸಾಕಾದರೆ, ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ನಿರ್ಜೀವೀಕರಿಸಿದ ಬಾಟಲಿ ಬೇಕು, ಮಾದರಿಯನ್ನು ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಬೀದಿಯ ಕೊಳವೆಯಿಂದ ಒಂದು, ಅಡುಗೆಮನೆಯ ನಲ್ಲಿಯಿಂದ ಇನ್ನೊಂದು ಮಾದರಿ ತೆಗೆದರೆ, ಕೊಳೆ ಸೇರುತ್ತಿರುವುದು ಊರಿನ ಕೊಳವೆಯಲ್ಲೋ ವರ್ಷಗಳಿಂದ ತೊಳೆಯದ ಮನೆಯ ಸಂಪಿನಲ್ಲೋ ಎಂಬುದೂ ತಿಳಿಯುತ್ತದೆ.